ಪಾಸಿಟಿವ್ ಎಂದರೆ ರೋಗವೇ?

ಕಳೆದ ತಿಂಗಳು ಒಂದು ಸಂಜೆ, ನಾನು ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ ನನ್ನ ಕೈಯಲ್ಲಿ ಕಲಿತ ಹೆಣ್ಣುಮಗಳೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಮಗಳು ದ್ವಿತೀಯ ಪಿಯುಸಿ. ಬಹಳ ಸುಸ್ತು, ಕೂದಲು ಉದುರುತ್ತದೆ ಎಂದು ವೈದ್ಯರಿಗೂ ತೋರಿಸದೆ ನೇರವಾಗಿ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದಾರೆ. ಹತ್ತಾರು ಪರೀಕ್ಷೆಗಳ ‘ಪ್ಯಾಕೇಜ್’. ಅದರಲ್ಲಿ ‘ಎಎನ್‌ಎ’ ಎಂಬುದರ ಮುಂದೆ ದಪ್ಪ ಅಕ್ಷರದಲ್ಲಿ ‘ಪಾಸಿಟಿವ್, 1:80’ ಎಂದಿತ್ತು. ಮೊಬೈಲಿನಲ್ಲಿ ಹುಡುಕಿದಾಗ ಅವರಿಗೆ ಸಿಕ್ಕ ಶಬ್ದ ಲೂಪಸ್.

“ಸಾಯೂತನಕ ಹೋಗದ ಬ್ಯಾನಿ ಅಂತ್ರಿ ಸರ್. ನಾಳೆ ಈಕಿ ಲಗ್ನ ಹೆಂಗ್ ಮಾಡೂದ್ರಿ?” ಎಂದು ತಾಯಿ ಕಣ್ಣೀರು ತೆಗೆದಳು. ಹುಡುಗಿ ಕೇಳಿದ್ದು ಇಷ್ಟೇ: “ಪರೀಕ್ಷಾ ಬರೀಬೌದಿಲ್ರಿ ಸರ್?”

ನಾನು ವೈದ್ಯನಲ್ಲ. ಆದರೆ ಒಂದು ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬಿಡಿಸಿ ತೋರಿಸುವುದು ವಿಜ್ಞಾನ ಮಾಸ್ತರನ ಕೆಲಸವೇ.

ಪ್ರತಿಕಾಯಗಳೆಂದರೆ ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು. ಕೆಲವರಲ್ಲಿ ಇವುಗಳಲ್ಲಿ ಕೆಲವು ದಾರಿ ತಪ್ಪಿ, ಸ್ವಂತ ಜೀವಕೋಶದ ಕೋಶಕೇಂದ್ರಕ್ಕೇ ಅಂಟಿಕೊಳ್ಳುತ್ತವೆ. ಅವೇ ಎಎನ್‌ಎ, ಅಂದರೆ ಕೋಶಕೇಂದ್ರ ವಿರೋಧಿ ಪ್ರತಿಕಾಯಗಳು. ಲೂಪಸ್‌ನಲ್ಲಿ ಇಂಥ ಪ್ರತಿಕಾಯಗಳಿಂದಾಗಿ ಚರ್ಮ, ಕೀಲು, ಮೂತ್ರಪಿಂಡಗಳಿಗೆ, ಕೆಲವೊಮ್ಮೆ ಹೃದಯ ಮಿದುಳುಗಳಿಗೂ ಪೆಟ್ಟು ಬೀಳುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಪರೀಕ್ಷೆ ನಡೆಯುವ ರೀತಿ ಚೆಂದವಾಗಿದೆ. ಗಾಜಿನ ಪಟ್ಟಿಯ ಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಿರುತ್ತವೆ. ಅವುಗಳ ಮೇಲೆ ರೋಗಿಯ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು ಹಾಕುತ್ತಾರೆ. ತೊಳೆದ ಮೇಲೆ, ಮಾನವ ಪ್ರತಿಕಾಯಕ್ಕೆ ಮಾತ್ರ ಅಂಟುವ, ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯವನ್ನು ಸುರಿಯುತ್ತಾರೆ. ಎಎನ್‌ಎ ಇದ್ದರೆ ವಿಶೇಷ ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರಗಳು ಹಸಿರಾಗಿ ಹೊಳೆಯುತ್ತವೆ. ಈ ಹೊಳೆಯುವ ವಿಧಾನವನ್ನು ಅಮೆರಿಕದ ಜಾರ್ಜ್ ಫ್ರಿಯೊ 1957ರಲ್ಲಿ ಲೂಪಸ್‌ಗೆ ಬಳಸಿ ತೋರಿಸಿದರು. ನಮ್ಮ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆರಂಭವಾದ ವರ್ಷವೂ ಅದೇ.

ಇನ್ನು 1:80 ಎಂದರೇನು? ಉಪ್ಪುನೀರಿಗೆ ಸಿಹಿನೀರು ಬೆರೆಸುತ್ತ ಹೋಗಿ. ಎಲ್ಲಿಯವರೆಗೆ ನಾಲಿಗೆಗೆ ಉಪ್ಪು ಗೊತ್ತಾಗುತ್ತದೆಯೋ ಅದರ ಮೇಲೆ ಮೊದಲು ಎಷ್ಟು ಉಪ್ಪಿತ್ತೆಂದು ಊಹಿಸಬಹುದು. ಹಾಗೆಯೇ ಸೀರಂ ಅನ್ನು 40 ಪಟ್ಟು, 80 ಪಟ್ಟು, 160 ಪಟ್ಟು ತೆಳುವಾಗಿಸುತ್ತಾರೆ. ಎಂಬತ್ತು ಪಟ್ಟಿಗೂ ಹೊಳಪು ಕಂಡರೆ 1:80. ಎರಡನೆಯ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. “ಎಂಬತ್ತು ಅಂದ್ರ ಭಾಳ ಆತಲ್ರಿ” ಎಂದಿದ್ದಳು ತಾಯಿ. ಅಲ್ಲ. ಅದು ಕೆಳಗಿನ ಮೆಟ್ಟಿಲು.

1997ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಜನರ ರಕ್ತವನ್ನೇ ನೋಡಿದರು. 1:40ರಲ್ಲಿ ನೂರಕ್ಕೆ ಸುಮಾರು 32 ಮಂದಿ ಪಾಸಿಟಿವ್. 1:80ರಲ್ಲಿ 13, 1:160ರಲ್ಲಿ 5, 1:320ರಲ್ಲಿ 3.

ವಿದ್ಯಾರ್ಥಿಗಳೇ, ಈಗ ಪೆನ್ಸಿಲ್ ಹಿಡಿಯಿರಿ. ಲೂಪಸ್ ವಿರಳ ರೋಗ. ಲೆಕ್ಕಕ್ಕಾಗಿ ಲಕ್ಷ ಜನರಲ್ಲಿ 50 ಮಂದಿಗೆ ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಅವರಲ್ಲಿ 49 ಮಂದಿಯನ್ನು ಹಿಡಿಯುತ್ತದೆ, ಅಷ್ಟು ಚುರುಕು. ಆದರೆ ಉಳಿದವರಲ್ಲಿ ನೂರಕ್ಕೆ 13ರಂತೆ ಸುಮಾರು 13,000 ಮಂದಿಯೂ ಪಾಸಿಟಿವ್! ಲಕ್ಷಣ ನೋಡದೆ ಊರಿಗೆಲ್ಲ ಪರೀಕ್ಷೆ ಮಾಡಿದರೆ, ಪಾಸಿಟಿವ್ ಬಂದ 260ಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೆ ಮಾತ್ರ ರೋಗ. ಅದೇ, ಕೆನ್ನೆಯ ಮೇಲೆ ಕೆಂಪು ದದ್ದು, ಕೀಲು ಬಾವು, ಮೂತ್ರದಲ್ಲಿ ಪ್ರೋಟೀನ್ ಕಂಡು ವೈದ್ಯರು ಸಂಶಯದಿಂದ ಕಳಿಸಿದ ರೋಗಿಯಲ್ಲಿ ಅದೇ ಪಾಸಿಟಿವ್‌ಗೆ ಬೇರೆಯೇ ತೂಕ ಬರುತ್ತದೆ. ಚೀಟಿ ಒಂದೇ, ಅರ್ಥ ಎರಡು.

ನಮ್ಮ ಕಡೆ ಜ್ವರ ಬಂದರೆ ಮಾಡಿಸುವ ವಿಡಾಲ್ ಪರೀಕ್ಷೆಯ ಕತೆಯೂ ಇದೇ. ಅದೂ ಪ್ರತಿಕಾಯವನ್ನೇ ನೋಡುತ್ತದೆ. ಹಿಂದೆಂದೋ ಟೈಫಾಯ್ಡ್ ಬಂದು ಹೋದವರಲ್ಲೂ ಪಾಸಿಟಿವ್ ಬರಬಹುದು.

2019ರಲ್ಲಿ ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರು ಸಂಶೋಧನೆಗಾಗಿ ಲೂಪಸ್‌ಗೊಂದು ಅಂಕಪಟ್ಟಿ ಮಾಡಿದರು. ಎಎನ್‌ಎ 1:80 ಅಥವಾ ಅದಕ್ಕೂ ಹೆಚ್ಚು ಇದ್ದರೆ ಹಾಲ್ ಟಿಕೆಟ್ ಸಿಕ್ಕಂತೆ. ಅದಕ್ಕೆ ಒಂದು ಅಂಕವೂ ಇಲ್ಲ! ಪಾಸಾಗಲು 10 ಅಂಕ ಬೇಕು. ಕೀಲು ಬಾವಿಗೆ 6, ಮೂತ್ರದಲ್ಲಿ ಹೆಚ್ಚು ಪ್ರೋಟೀನಿಗೆ 4. ಎರಡೆಳೆಯ ಡಿಎನ್‌ಎಗೆ ಅಥವಾ ‘ಎಸ್‌ಎಂ’ ಎಂಬ ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಕ್ಕೆ 6. ಕೂದಲು ಉದುರುವುದಕ್ಕೆ ಎರಡೇ, ಬೇರೆ ಕಾರಣ ಸಿಕ್ಕರೆ ಅದೂ ಇಲ್ಲ.

ಇಷ್ಟು ಓದಿ ಲೂಪಸ್ ಎಂದರೆ ಬರೀ ಗಾಬರಿ ಎಂದುಕೊಳ್ಳಬೇಡಿ. ಸುಮಾರು ಹದಿನೈದು ವರ್ಷದ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಪ್ರಾರ್ಥನೆಯ ಹೊತ್ತಿನ ಬಿಸಿಲಿಗೆ ಕೆನ್ನೆ ಕೆಂಪೇರುತ್ತಿತ್ತು. ಬೆರಳ ಗಂಟು ನೋಯುತ್ತಿದ್ದುದರಿಂದ ಅಕ್ಷರ ಕೆಟ್ಟಿತ್ತು. ಮನೆಯವರು ಉಷ್ಣ ಎಂದರು. ಬರವಣಿಗೆ ಸುಧಾರಿಸಿಕೋ ಎಂದು ಬೈದವನು ನಾನು. ಕಾಲು ಬಾತು ಆಸ್ಪತ್ರೆ ಸೇರುವ ಹೊತ್ತಿಗೆ ಮೂತ್ರಪಿಂಡಕ್ಕೆ ತಗುಲಿತ್ತು. ಚಿಕಿತ್ಸೆಯಿಂದ ಉಳಿದಳು, ಈಗಲೂ ಮಾತ್ರೆ ನುಂಗುತ್ತಾಳೆ. ಆಗ ಅಗ್ಗದ ಒಂದು ಮೂತ್ರ ಪರೀಕ್ಷೆ ಬೇಗ ಆಗಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಅದಕ್ಕೇ ಈ ತಾಯಿ ಮಗಳಿಗೂ ‘ಏನಿಲ್ಲ, ಹೋಗಿ’ ಎನ್ನಲಿಲ್ಲ. ವರದಿಯ ಮೊದಲ ಪುಟ ತೆರೆದೆ. ಹಿಮೋಗ್ಲೋಬಿನ್ 8.2. ಹರೆಯದ ಹುಡುಗಿಗೆ 12 ಆದರೂ ಇರಬೇಕು. ಎಎನ್‌ಎ ಗದ್ದಲದಲ್ಲಿ ಆ ಸಾಲನ್ನು ಯಾರೂ ಓದಿರಲಿಲ್ಲ. ಮರುದಿನವೇ ವೈದ್ಯರ ಬಳಿ ಕಳಿಸಿದೆ. ಅವರು ಕೀಲು, ಚರ್ಮ, ಬಾಯಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ದದ್ದು, ಕೀಲು ಬಾವು, ಬಾಯಿಹುಣ್ಣು ಕಂಡರೆ ತಡಮಾಡದೆ ಬರಬೇಕೆಂದು ಹೇಳಿ ಕಳಿಸಿದ್ದಾರೆ.

ಮೊನ್ನೆ ಫೋನು ಬಂತು. ಮಾತ್ರೆಯಿಂದ ಹೊಟ್ಟೆ ಕಟ್ಟುತ್ತದೆ ಎಂಬ ದೂರಿನ ಜೊತೆಗೆ, ಭೌತಶಾಸ್ತ್ರದ ಎರಡು ಲೆಕ್ಕ ಬಿಡಿಸಿಕೊಡಬೇಕಂತೆ.