ಮರೆಯೋ, ಚುರುಕೋ: ಚೀನಾದ ಹೊಸ ಯುದ್ಧವಿಮಾನಗಳ ಲೆಕ್ಕಾಚಾರ

2024ರ ಡಿಸೆಂಬರ್ 26ರಂದು ಚೀನಾದ ಚೆಂಗ್ದು ನಗರದ ಆಕಾಶದಲ್ಲಿ ಬಾಲವಿಲ್ಲದ, ಮೂರು ಎಂಜಿನ್‌ಗಳ ಬೃಹತ್ ಯುದ್ಧವಿಮಾನವೊಂದು ಕಾಣಿಸಿಕೊಂಡಿತು. ಅದೇ ದಿನ ಶೆನ್‌ಯಾಂಗ್ ಸಂಸ್ಥೆಯದೆನ್ನಲಾದ, ಬಾಲವಿಲ್ಲದ ಮತ್ತೊಂದು ವಿಮಾನದ ಚಿತ್ರಗಳೂ ಹೊರಬಂದವು. ಅಂದಿನಿಂದ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ರೇಡಾರಿಗೆ ಸಿಗದ ಇಂತಹ ವಿಮಾನದ ಮುಂದೆ ಉಳಿದ ರಾಷ್ಟ್ರಗಳು ನಿರುಪಾಯವೆಂಬುದು ಒಂದು. ಬಾಲವಿಲ್ಲದ ವಿಮಾನ ಚುರುಕಾಗಿ ತಿರುಗಲಾರದು, ಆದ್ದರಿಂದ ಕಾಳಗಕ್ಕೆ ಒದಗದೆಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಯುದ್ಧವಿಮಾನದ ಆಕಾರವು ಅದನ್ನು ಕಟ್ಟಿದ ರಾಷ್ಟ್ರದ ಕೈಗಾರಿಕೆಯು ಆ ಕಾಲದಲ್ಲಿ ಏನನ್ನು ತಯಾರಿಸಬಲ್ಲದಾಗಿತ್ತು, ಏನನ್ನು ತಯಾರಿಸಲಾರದಾಗಿತ್ತು ಎಂಬುದರ ಜಮಾ-ಖರ್ಚಿನ ಪಟ್ಟಿಯಷ್ಟೆ.

ಸಮಸ್ಯೆಯ ಮೂಲ ಸರಳವಾದುದು. ವಿಮಾನವು ಥಟ್ಟನೆ ತಿರುಗಬೇಕಾದರೆ ಗಾಳಿಯನ್ನು ತಳ್ಳುವ ಫಲಕಗಳು ಬೇಕು. ನೆಟ್ಟಗೆ ನಿಂತ ಬಾಲ, ಹಿಂಬದಿಯ ಅಡ್ಡರೆಕ್ಕೆ, ಮುಂಬದಿಯ ಕಿರುರೆಕ್ಕೆ ಇವೆಲ್ಲ ಈ ಕೆಲಸಕ್ಕಾಗಿಯೇ ಇರುವಂಥವು. ಆದರೆ ಇಂತಹ ಪ್ರತಿಯೊಂದು ಫಲಕದ ಅಂಚೂ, ಕೀಲಿನ ಸಂದೂ ಶತ್ರುವಿನ ರೇಡಾರ್ ಅಲೆಯನ್ನು ಹಿಂದಿರುಗಿಸಬಲ್ಲದು. ಕ್ಷಿಪಣಿಗಳನ್ನು ರೆಕ್ಕೆಯಡಿ ತೂಗುಹಾಕಿದರೆ ಅವೂ ಕಾಣುತ್ತವೆ. ಒಡಲೊಳಗೆ ಅಡಗಿಸಿದರೆ ವಿಮಾನ ದಪ್ಪವಾಗಿ ಭಾರವಾಗುತ್ತದೆ. ಭಾರವಾದ ವಿಮಾನಕ್ಕೆ ಹೆಚ್ಚು ಬಲದ ಎಂಜಿನ್ ಬೇಕು. ಹೀಗೆ ಮರೆ ಮತ್ತು ಚುರುಕುಗಳ ನಡುವಣ ವ್ಯಾಜ್ಯ ಕೊನೆಗೆ ಬಂದು ನಿಲ್ಲುವುದು ಎಂಜಿನ್ನಿನ ಬಾಗಿಲಿನಲ್ಲಿ.

ಚೀನಾದ ಜೆ-20 ವಿಮಾನದ ಚರಿತ್ರೆ ಇದನ್ನು ಸ್ಪಷ್ಟಪಡಿಸುತ್ತದೆ. 2011ರ ಜನವರಿ 11ರಂದು ಮೊದಲ ಬಾರಿಗೆ ಹಾರಿದ ಈ ವಿಮಾನದ ಮುಂಭಾಗದ ಕಿರುರೆಕ್ಕೆಗಳನ್ನು ಕಂಡು ಅನೇಕ ಪಾಶ್ಚಾತ್ಯ ವಿಮರ್ಶಕರು ಮೂಗು ಮುರಿದರು. ರೇಡಾರಿನಿಂದ ಮರೆಯಾಗಬೇಕಾದ ವಿಮಾನಕ್ಕೆ ಇವು ಅಪಥ್ಯವೆಂದರು. ಆದರೆ ಹಿರಿಯ ವಿನ್ಯಾಸಕ ಸೊಂಗ್ ವೆನ್‌ತ್ಸೊಂಗ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿಯೇ ಪ್ರಬಂಧವೊಂದರಲ್ಲಿ ಈ ಇಕ್ಕಟ್ಟನ್ನು ಚರ್ಚಿಸಿದ್ದರು. ಶಬ್ದಾತೀತ ವೇಗಕ್ಕೂ ಮರೆಗೂ ಒಪ್ಪುವ ರೆಕ್ಕೆಯು ನಿಧಾನಗತಿಯಲ್ಲಿ, ಮೂಗೆತ್ತಿದ ಸ್ಥಿತಿಯಲ್ಲಿ ಸಾಕಷ್ಟು ಎತ್ತುಬಲ ನೀಡದು. ಈ ಕೊರತೆಯನ್ನು ಕಿರುರೆಕ್ಕೆಗಳಿಂದ ತುಂಬಿಕೊಂಡು, ಬಾಲವನ್ನು ಚಿಕ್ಕದಾಗಿಸಿ ಇಡಿಯಾಗಿ ಹೊರಳುವಂತೆ ಮಾಡುವುದು ಅವರು ಸೂಚಿಸಿದ ಮಾರ್ಗ. ಆಗ ಚೀನಾದ ಬಳಿ ಬೇಕಾದಷ್ಟು ಬಲಿಷ್ಠವಾದ ಎಂಜಿನ್ ಇರಲಿಲ್ಲ. ಆರಂಭದ ಜೆ-20ಗಳು ರಷ್ಯಾದ ಎಎಲ್-31 ಕುಟುಂಬದ ಎಂಜಿನ್ನುಗಳಿಂದಲೇ ಹಾರಿದವು. ಸ್ವದೇಶಿ ಡಬ್ಲ್ಯುಎಸ್-10 ನಂತರ ಬಂದಿತು. ಎಂಜಿನ್ ಕೊಡಲಾರದ್ದನ್ನು ಆಕಾರದಿಂದ ಪಡೆದದ್ದು, ಅದಕ್ಕಾಗಿ ಮರೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟದ್ದು ಅಜ್ಞಾನವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಿದ ವಿವೇಕ.

ಅಮೆರಿಕವೂ ಇಂತಹ ಆಯ್ಕೆಯನ್ನು ಎದುರಿಸಿತ್ತು. 1991ರ ಏಪ್ರಿಲ್‌ನಲ್ಲಿ ಅದರ ವಾಯುಪಡೆಯು ವೈಎಫ್-23ನ್ನು ಬಿಟ್ಟು ವೈಎಫ್-22ನ್ನು ಆರಿಸಿಕೊಂಡಿತು. ಕೈಬಿಡಲಾದ ವಿಮಾನವೇ ಹೆಚ್ಚು ಮರೆಯುಳ್ಳದ್ದೆಂಬುದು ವ್ಯಾಪಕ ಅಭಿಪ್ರಾಯ. ಆಯ್ಕೆಯಾದುದು ಎಂಜಿನ್ನಿನ ಜ್ವಾಲೆಯನ್ನೇ ಮೇಲಕ್ಕೂ ಕೆಳಕ್ಕೂ ಹೊರಳಿಸಿ ತಿರುಗಬಲ್ಲ ಚುರುಕಿನ ವಿಮಾನವಾಗಿತ್ತು.

ಇಂದು ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. ಜೆ-20ರ ಮುಖ್ಯ ವಿನ್ಯಾಸಕ ಯಾಂಗ್ ವೇಯ್ 2020ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದೂರವ್ಯಾಪ್ತಿ, ಮರೆ, ಶಸ್ತ್ರಭಾರ ಮತ್ತು ಮಾಹಿತಿಗಳಿಗೆ ಆದ್ಯತೆ ನೀಡಿದರು. ಇದಕ್ಕೆ ಕಾರಣಗಳುಂಟು. ಕ್ಷಿಪಣಿಗಳು ಕಣ್ಣಿಗೆ ಕಾಣದಷ್ಟು ದೂರದಿಂದಲೇ ಬರುತ್ತವೆ. ಪೆಸಿಫಿಕ್‌ನಲ್ಲಿ ಗುವಾಮ್ ನೆಲೆಯು ಚೀನಾದ ಕರಾವಳಿಯಿಂದ ಸುಮಾರು 3,000 ಕಿ.ಮೀ. ದೂರವಿರುವುದರಿಂದ ಹೆಚ್ಚು ಇಂಧನ ಹೊತ್ತೊಯ್ಯುವುದು ಅನಿವಾರ್ಯ. ಬಾಲವನ್ನು ತೆಗೆದರೆ ಪಕ್ಕದಿಂದಲೂ, ದೀರ್ಘ ತರಂಗಾಂತರದ ರೇಡಾರುಗಳಿಂದಲೂ ಮರೆ ಹೆಚ್ಚುತ್ತದೆ. ಗಾಳಿಯ ಎಳೆತ ತಗ್ಗುತ್ತದೆ. ಆದರೆ ಇದೂ ಉಚಿತವಲ್ಲ. ಬಾಲವಿಲ್ಲದ ವಿಮಾನವು ಎಡಬಲಕ್ಕೆ ಹೊರಳಲು ರೆಕ್ಕೆಯ ಅಂಚಿನ ಫಲಕಗಳನ್ನು ಸೀಳಿ ತೆರೆಯಬೇಕು. ತೆರೆದಾಗ ಅವು ರೇಡಾರಿಗೆ ಕಾಣುತ್ತವೆ. ಕ್ಷಣಕ್ಷಣವೂ ಅದನ್ನು ಸ್ಥಿರವಾಗಿಡುವ ಹೊಣೆ ಗಣಕಯಂತ್ರದ್ದು. ಮೂರು ಎಂಜಿನ್ನುಗಳ ಖರೀದಿ ಮತ್ತು ನಿರ್ವಹಣೆಯ ವೆಚ್ಚವನ್ನೂ ಮರೆಯುವಂತಿಲ್ಲ. ಗಮನಿಸಬೇಕಾದ ಅಂಶವೆಂದರೆ, ಚೀನಾ ಒಂದೇ ಉತ್ತರವನ್ನು ನೆಚ್ಚಿ ಕುಳಿತಿಲ್ಲ. 2024ರ ನವೆಂಬರ್‌ನಲ್ಲಿ ಝುಹಾಯ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಜೆ-35ಎ ವಿಮಾನವು ಬಾಲವನ್ನೂ ಹಿಂಬದಿಯ ಅಡ್ಡರೆಕ್ಕೆಯನ್ನೂ ಉಳಿಸಿಕೊಂಡ ಸಾಂಪ್ರದಾಯಿಕ ರೂಪದ್ದು.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. 2024ರ ಮೇ ತಿಂಗಳಿನ ಉಪಗ್ರಹ ಚಿತ್ರಗಳಲ್ಲಿ ಟಿಬೆಟ್‌ನ ಶಿಗಾಟ್ಸೆ ನೆಲೆಯಲ್ಲಿ ಜೆ-20ಗಳು ಕಂಡುಬಂದವು. ಸಮುದ್ರಮಟ್ಟದಿಂದ ಸುಮಾರು 3,780 ಮೀಟರ್ ಎತ್ತರದ ಅಲ್ಲಿನ ತೆಳುಗಾಳಿಯಲ್ಲಿ ಎಂಜಿನ್ನಿನ ಬಲವೂ ರೆಕ್ಕೆಯ ಎತ್ತುಬಲವೂ ಕುಗ್ಗುತ್ತವೆ. ಪೆಸಿಫಿಕ್‌ಗೆ ತಕ್ಕ ಭಾರಿ ವಿಮಾನ ಪ್ರಸ್ಥಭೂಮಿಗೂ ತಕ್ಕುದೆಂದು ಭಾವಿಸಬೇಕಾಗಿಲ್ಲ. ಚೀನಾದ ಅಗತ್ಯ ಬೇರೆ, ಭಾರತದ ಅಗತ್ಯ ಬೇರೆ.

ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸುತ್ತಿರುವ ಆಮ್ಕಾ ವಿಮಾನಕ್ಕೆ ಕೇಂದ್ರ ಸಂಪುಟದ ಭದ್ರತಾ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಗಳ ಅನುಮೋದನೆ ನೀಡಿತು. 2025ರ ಮೇ ತಿಂಗಳಿನಲ್ಲಿ ಒಪ್ಪಿಗೆ ಪಡೆದ ಕಾರ್ಯಮಾದರಿಯು ಖಾಸಗಿ ಉದ್ಯಮಗಳಿಗೂ ಸರ್ಕಾರಿ ಉದ್ಯಮಗಳಿಗೂ ಸಮಾನ ಅವಕಾಶ ಕಲ್ಪಿಸಿದೆ. ಸುಮಾರು 25 ಟನ್ ತೂಕದ ಇದರ ಮೊದಲ ಆವೃತ್ತಿಗೆ ಅಮೆರಿಕದ ಎಫ್-414 ಎಂಜಿನ್ ಗೊತ್ತಾಗಿದೆ, ಬಾಲ ಉಳಿದಿದೆ. ಚೆಂಗ್ದುವಿನ ಚಿತ್ರಗಳನ್ನು ಕಂಡು ಈ ವಿನ್ಯಾಸ ಹಳತಾಯಿತೆಂದು ಕೂಗೆಬ್ಬಿಸುವುದು, ಅಪೇಕ್ಷೆಗಳ ಪಟ್ಟಿಯನ್ನು ಮತ್ತೆ ಮತ್ತೆ ಉದ್ದಗೊಳಿಸುವುದು ಆತ್ಮಘಾತಕ. ಲಭ್ಯ ಎಂಜಿನ್ನಿಗೆ ತಕ್ಕಂತೆ ವಿನ್ಯಾಸವನ್ನು ಸ್ಥಿರಗೊಳಿಸಿ ನಿಗದಿತ ಕಾಲದಲ್ಲಿ ಹಾರಿಸುವುದೇ ಜಾಣತನ. ಜೆ-20ರಿಂದ ಕಲಿಯಬೇಕಾದುದು ಅದರ ರೂಪವನ್ನಲ್ಲ, ಈ ಕ್ರಮವನ್ನು.

ಮರೆಯು ನಕಾಶೆಯ ಹಾಳೆಯ ಮೇಲೆ ಹುಟ್ಟಿದರೂ ಉಳಿಯುವುದು ಕಾರ್ಖಾನೆಯಲ್ಲಿ. ಎರಡು ತಗಡುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ, ಲೇಪನ ಅಲ್ಲಲ್ಲಿ ಎದ್ದರೂ ವಿನ್ಯಾಸಕಾರನ ಶ್ರಮ ವ್ಯರ್ಥ. ಆದ್ದರಿಂದ ಈ ಸ್ಪರ್ಧೆಯ ಒಂದು ಭಾಗ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ನಿಖರ ಯಂತ್ರಗಳ ಮೇಲೆಯೇ ನಡೆಯಬೇಕಾಗಿದೆ. ಸಣ್ಣ ಉದ್ಯಮಗಳಿಗೆ ಅಳತೆ-ಪರೀಕ್ಷಾ ಸೌಲಭ್ಯ, ಹಲವು ವರ್ಷಗಳ ಖಚಿತ ಬೇಡಿಕೆ ಮತ್ತು ಸಕಾಲಿಕ ಪಾವತಿಯ ಭರವಸೆ ದೊರೆಯದಿದ್ದರೆ ಯಾರೂ ಅಂತಹ ಯಂತ್ರಗಳಿಗೆ ಬಂಡವಾಳ ಹೂಡಲಾರರು. ಸರ್ಕಾರವೂ ದೊಡ್ಡ ಗುತ್ತಿಗೆದಾರ ಸಂಸ್ಥೆಗಳೂ ಮೊದಲು ಗಮನ ಹರಿಸಬೇಕಾದುದು ಇತ್ತ ಕಡೆಗೆ.