ಮೈಲೇಜ್ ಎಂಬ ಲೆಕ್ಕ
ಹೊಸ ಕಾರು ಕೊಂಡವರು ಮೊದಲ ತಿಂಗಳಲ್ಲೇ ಎತ್ತುವ ದೂರು ಒಂದೇ: ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ. ಆ ಅಂಕಿ ಸುಳ್ಳಲ್ಲ, ಆದರೆ ಅದು ಸಿಕ್ಕಿದ್ದು ರಸ್ತೆಯಲ್ಲಿ ಅಲ್ಲ, ಪ್ರಯೋಗಾಲಯದ ರೋಲರ್‌ಗಳ ಮೇಲೆ. ಈವರೆಗೆ ರೂಢಿಯಲ್ಲಿದ್ದ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ, ಏ.ಸಿ. ಹಾಕುವುದಿಲ್ಲ, ಗುಂಡಿ, ಹಂಪ್‌ಗಳಂತೂ ಇಲ್ಲವೇ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಕಾರಿನ ಕಥೆಯೇ ಬೇರೆ. ನಿಂತಲ್ಲೇ ಎಂಜಿನ್ ಪೆಟ್ರೋಲ್ ಸುಡುತ್ತಿರುತ್ತದೆ, ಕ್ರಮಿಸಿದ ದೂರ ಮಾತ್ರ ಸೊನ್ನೆ. ತುಸು ಮುಂದೆ ಹೋಗಿ ಬ್ರೇಕ್ ಒತ್ತಿದರೆ, ಇಂಧನ ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಹೆದ್ದಾರಿಯಲ್ಲಿ ಅಡ್ಡ ನಿಲ್ಲುವುದು ಗಾಳಿ. ಅದರ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಗಾಳಿ ಕಡಿಮೆಯಾದ ಟೈರು, ಛಾವಣಿಯ ಮೇಲಿನ ಕ್ಯಾರಿಯರ್, ಎಂಜಿನ್ ಬಿಸಿಯೇರುವ ಮೊದಲೇ ಮುಗಿದುಹೋಗುವ ಸಣ್ಣ ಓಡಾಟ, ಎಲ್ಲಕ್ಕೂ ಬೆಲೆ ತೆರಬೇಕು. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಶೇ. 20 ಬೆರೆತಾಗ ಮೈಲೇಜ್ ತುಸು ಇಳಿಯುವುದು ಸಹಜ. ನಿಮ್ಮ ಕಾರಿನ ನಿಜಾಂಶ ತಿಳಿಯಲು ಡ್ಯಾಶ್‌ಬೋರ್ಡಿನ ಅಂಕಿಯನ್ನಷ್ಟೇ ನಂಬಬೇಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ನಾಲ್ಕಾರು ಸಲ ಹೀಗೆ ಮಾಡಿ ಸರಾಸರಿ ತೆಗೆದರೆ ಸಿಗುವುದೇ ನಿಮ್ಮ ಕಾರಿನ, ನಿಮ್ಮ ರಸ್ತೆಯ, ನಿಮ್ಮ ಕಾಲಿನ ಒತ್ತಡದ ನಿಜವಾದ ಮೈಲೇಜ್. ಅದು ಏಕಾಏಕಿ ಕುಸಿದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ತೋರಿಸಿ.