ಮೊದಲು ಕಿವಿ ನೋಡಿ

ಸೀಲ್ ಮತ್ತು ಕಡಲಸಿಂಹದ ವ್ಯತ್ಯಾಸವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬಾರದು, ಚಿತ್ರ ಕೊಟ್ಟು ಅವರೇ ಹುಡುಕುವಂತೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಕಡಲಸಿಂಹಕ್ಕೆ ಹೊರಗೆ ಕಾಣುವ ಪುಟ್ಟ ಕಿವಿಗಳಿವೆ; ಸೀಲ್‌ಗೆ ಬರೀ ರಂಧ್ರ. ಕಡಲಸಿಂಹ ಹಿಂಗಾಲುಗಳನ್ನು ಮುಂದಕ್ಕೆ ತಿರುಗಿಸಿ ನೆಲದ ಮೇಲೆ ನಡೆಯುತ್ತದೆ. ಸೀಲ್ ಹೊಟ್ಟೆಯ ಮೇಲೆ ತೆವಳುತ್ತದೆ. ಸರ್ಕಸ್ಸಿನಲ್ಲಿ ಮೂಗಿನ ಮೇಲೆ ಚೆಂಡು ನಿಲ್ಲಿಸುವ 'ಸೀಲ್' ಸಾಮಾನ್ಯವಾಗಿ ಕಡಲಸಿಂಹವೇ.

ನಮ್ಮೂರಲ್ಲಿ ಇಲ್ಲದ ಪ್ರಾಣಿಗಳ ಪಾಠ ಯಾಕೆ ಎಂದು ಕೇಳಬಹುದು. ಪಾಠ ಪ್ರಾಣಿಯದ್ದಷ್ಟೇ ಅಲ್ಲ, ಗಮನಿಸುವುದರದ್ದು. ನಾನು ಮನೆಯವರ ಜೊತೆ ಉರ್ದುವಿನಲ್ಲಿ ಮಾತಾಡಿದರೆ ಕೆಲವರು ಅದನ್ನು ಹಿಂದಿ ಎಂದುಬಿಡುತ್ತಾರೆ. ಹತ್ತಿರದ ಭಾಷೆಗಳು ನಿಜ, ಆದರೆ ಒಂದೇ ಅಲ್ಲ. ಅವರು ಸರಿಯಾಗಿ ಕೇಳಿಸಿಕೊಂಡಿಲ್ಲ, ಅಷ್ಟೆ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಎರಡು ಚಿತ್ರ ತೋರಿಸಿ, ಕಿವಿ ಯಾವುದಕ್ಕಿದೆ ಎಂದು ಕೇಳಿ. ಉತ್ತರ ಹೇಳಿಕೊಡಬೇಡಿ.